ನೋವಿಗೂ ರಕ್ತನಾಳ, ಅಪಾಯಕ್ಕೂ ರಕ್ತನಾಳ

ದವಡೆ ಹಲ್ಲು ನೋಯುತ್ತದೆಂದು ಕೀಳಿಸಿಕೊಂಡವರು ವಾರ ಬಿಟ್ಟು ಪಕ್ಕದ ಹಲ್ಲಿಗಾಗಿ ಮತ್ತೆ ದಂತವೈದ್ಯರ ಕುರ್ಚಿ ಏರಿದ ಕಥೆ ಹಾವೇರಿ ಜಿಲ್ಲೆಯ ಹಾನಗಲ್ಲಿನಲ್ಲೂ ಸಿಕ್ಕೀತು, ಹಿರೇಕೆರೂರಿನಲ್ಲೂ ಸಿಕ್ಕೀತು. ಒಂದು ಹೋಯಿತು, ಎರಡನೆಯದೂ ಹೋಯಿತು, ನೋವು ಮಾತ್ರ ಇದ್ದಲ್ಲೇ ಇದೆ. 'ಕರೆಂಟ್ ಹೊಡದಂಗ ಆಕ್ಕೈತ್ರೀ' ಎನ್ನುತ್ತಾ ಅವರು ಕೆನ್ನೆಯ ಕಡೆ ಬೆರಳು ಮಾಡುತ್ತಾರೆ, ಕೆನ್ನೆಯನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಮತ್ತೆ ಹೊಡೆಯುತ್ತದೆಂಬ ಭಯ. ಅನುಭವಿ ನರರೋಗ ತಜ್ಞರಿಗೆ ಹೀಗೆ ದೂರದಿಂದ ಬೆರಳು ತೋರುವುದೇ ಅರ್ಧ ರೋಗನಿರ್ಣಯ.

ಇದು ಮುಖದ ನರಶೂಲೆ. ವೈದ್ಯರ ಚೀಟಿಯಲ್ಲಿ ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂದಿರುತ್ತದೆ. ಖಡಕ್ ರೊಟ್ಟಿ ಅಗಿಯುವಾಗ, ಸವಣೂರಿನ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟಾಗ, ಮುಖಕ್ಕೆ ತಣ್ಣೀರು ಹಾಕಿದಾಗ, ಬೈಕಿನ ಹಿಂದೆ ಕೂತು ಗಾಳಿ ತಾಗಿದಾಗ ಒಂದು ಪಕ್ಕದ ಕೆನ್ನೆ, ದವಡೆಗೆ ಸಿಡಿಲಿನಂಥ ಹೊಡೆತ. ಒಂದು ಹೊಡೆತ ಕೆಲವು ಕ್ಷಣದ್ದು, ಹೆಚ್ಚೆಂದರೆ ಎರಡು ನಿಮಿಷದ್ದು. ಆದರೆ ದಿನಕ್ಕೆ ಎಷ್ಟು ಸಲವೋ ಲೆಕ್ಕವಿಲ್ಲ. ಬಾಯಿ ಸೊಟ್ಟಗಾಗುವ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ. ಅದು ತಲೆಬುರುಡೆಯ ಏಳನೆಯ ನರದ ತೊಂದರೆ. ಇದು ಐದನೆಯ ನರದ್ದು, ಮುಖದ ಸ್ಪರ್ಶವನ್ನು ಮಿದುಳಿಗೆ ಒಯ್ಯುವ ನರದ್ದು. ನಟ ಸಲ್ಮಾನ್ ಖಾನ್ ತಮಗೆ ಈ ಕಾಯಿಲೆ ಇದೆಯೆಂದು ಬಹಿರಂಗವಾಗಿ ಹೇಳಿಕೊಂಡ ಮೇಲೆ ಹೆಸರು ಒಂದಷ್ಟು ಜನರ ಕಿವಿಗೆ ಬಿದ್ದಿದೆ. ಅಲ್ಲಿಯವರೆಗೆ ಇದು ನಮ್ಮಲ್ಲಿ ಬರೀ ಹಲ್ಲುನೋವು.

ಹೊರದೇಶಗಳ ಅಧ್ಯಯನಗಳ ಪ್ರಕಾರ ವರ್ಷಕ್ಕೆ ಲಕ್ಷ ಜನರಲ್ಲಿ 4ರಿಂದ 13 ಮಂದಿಗೆ ಇದು ಹೊಸದಾಗಿ ಕಾಣಿಸಿಕೊಳ್ಳುತ್ತದೆ. 2011ರ ಜನಗಣತಿಯಲ್ಲಿ ಹಾವೇರಿ ಜಿಲ್ಲೆಯ ಜನಸಂಖ್ಯೆ ಸುಮಾರು 16 ಲಕ್ಷ. ಅದೇ ದರ ಇಲ್ಲಿಗೂ ಹೊಂದುವುದಾದರೆ ಜಿಲ್ಲೆಯಲ್ಲಿ ವರ್ಷಕ್ಕೆ 60ರಿಂದ 200 ಹೊಸ ರೋಗಿಗಳು. ಅವರಲ್ಲಿ ಹೆಂಗಸರೇ ಹೆಚ್ಚು, ಐವತ್ತು ದಾಟಿದವರೇ ಹೆಚ್ಚು. ಈ ವಯಸ್ಸಿನ ಮಾತನ್ನು ನೆನಪಿಟ್ಟುಕೊಳ್ಳಿ. ಬಿಪಿ, ಶುಗರ್, ಹೃದಯಕ್ಕೆಂದು ನುಂಗುವ ರಕ್ತ ತೆಳುವಾಗಿಸುವ ಮಾತ್ರೆ ಎಲ್ಲವೂ ಜೊತೆಯಾಗುವ ವಯಸ್ಸು ಅದು. ಶಸ್ತ್ರಚಿಕಿತ್ಸೆಯ ಹೊತ್ತಿಗೆ ಲೆಕ್ಕಕ್ಕೆ ಬರುವುದೂ ಅದೇ.

ಕಾರಣ ಏನು? ಬಹುಪಾಲು ರೋಗಿಗಳಲ್ಲಿ ಒಂದು ರಕ್ತನಾಳ. 1934ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ ತಾನು ತಲೆ ತೆರೆದು ನೋಡಿದ 215 ರೋಗಿಗಳ ವಿವರ ಬರೆದ. ಮೂರರಲ್ಲಿ ಒಬ್ಬರಿಗೆ ಸಮೀಪ, ಐದನೆಯ ನರದ ಬುಡಕ್ಕೆ ಒಂದು ಅಪಧಮನಿ ಒತ್ತಿಕೊಂಡಿತ್ತು. ಸೂಕ್ಷ್ಮದರ್ಶಕವಿಲ್ಲದೆ, ಬರಿಗಣ್ಣಿನಲ್ಲಿ ಕಂಡದ್ದು ಇದು. ಹೆಚ್ಚಿನವರು ಕಿವಿಗೊಡಲಿಲ್ಲ. 1959ರಲ್ಲಿ ಗಾರ್ಡ್ನರ್ ಎಂಬಾತ ರಕ್ತನಾಳವನ್ನು ನರದಿಂದ ಸರಿಸಿ ನಡುವೆ ಸ್ಪಂಜು ಇಟ್ಟು ನೋಡಿದ. ಅರವತ್ತರ ದಶಕದ ನಡುವೆ ಲಾಸ್ ಏಂಜಲೀಸ್‌ನಲ್ಲಿ ಇನ್ನೂ ತರಬೇತಿಯಲ್ಲಿದ್ದ ಪೀಟರ್ ಜ್ಯಾನೆಟ್ಟಾ ಶವವೊಂದರಲ್ಲಿ ಈ ನರವನ್ನು ಬಿಡಿಸುತ್ತಿದ್ದಾಗ ಸೂಕ್ಷ್ಮದರ್ಶಕದಡಿ ಅದೇ ಒತ್ತುವಿಕೆ ಕಾಣಿಸಿತು. ಅವನು ಅದನ್ನು ಬಿಡಿಸುತ್ತಿದ್ದದ್ದು ದಂತವೈದ್ಯ ವಿದ್ಯಾರ್ಥಿಗಳಿಗೆ ತೋರಿಸಲೆಂದು! ಹಲ್ಲು ಕಳೆದುಕೊಂಡ ನಮ್ಮ ರೋಗಿಗಳ ನೆನಪಾಗಿ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ತೋಟದ ಬೋರ್‌ವೆಲ್ ಕೇಬಲ್ ಕೇಸಿಂಗಿಗೆ ಉಜ್ಜಿ ಉಜ್ಜಿ ಮೇಲಿನ ರಬ್ಬರ್ ಸವೆದರೆ ಏನಾಗುತ್ತದೆಂದು ಇಲ್ಲಿನ ರೈತರಿಗೆ ಹೇಳಿಕೊಡಬೇಕಿಲ್ಲ. ಮಿದುಳುಕಾಂಡದಿಂದ ನರ ಹೊರಬರುವ ಜಾಗದಲ್ಲಿ ಅದರ ಕವಚ ತೆಳು. ಅಲ್ಲಿ ಅಪಧಮನಿಯ ಕುಣಿಕೆಯೊಂದು ಪ್ರತಿ ನಾಡಿಮಿಡಿತಕ್ಕೂ ತಾಗುತ್ತಾ ವರ್ಷಗಟ್ಟಲೆ ಕವಚವನ್ನು ಸವೆಸುತ್ತದೆ. ಸವೆದ ನರತಂತುಗಳ ಸಂಕೇತ ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ಗಾಳಿ ತಾಗಿದ ಸುದ್ದಿ ಮಿದುಳಿಗೆ ತಲುಪುವಾಗ ನೋವಿನ ಸುದ್ದಿಯಾಗಿರುತ್ತದೆ. ಕೆಲವರಲ್ಲಿ ಗೆಡ್ಡೆ ಅಥವಾ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಕಾರಣವಾಗಿರುವುದುಂಟು. ಅದಕ್ಕೇ ಎಂಆರ್‌ಐ ಇಲ್ಲದೆ ಯಾವ ಚಿಕಿತ್ಸೆಯ ಯೋಜನೆಯೂ ಪೂರ್ತಿಯಾಗದು.

ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಾಜೆಪಿನ್ ಇದಕ್ಕೂ ಮದ್ದೆಂದು 1962ರಲ್ಲಿ ಸ್ವೀಡನ್ನಿನ ಬ್ಲೂಮ್ ತೋರಿಸಿದ. ಇಂದಿಗೂ ಮೊದಲ ಮಾತ್ರೆ ಅದೇ, ಬೆಲೆಯೂ ಕಡಿಮೆ. ತೊಂದರೆ ಎಂದರೆ ಕೆಲವರಿಗೆ ಚರ್ಮವೇ ಸುಲಿಯುವಂಥ ಅಲರ್ಜಿ, ವಯಸ್ಸಾದವರಿಗೆ ರಕ್ತದ ಸೋಡಿಯಂ ಇಳಿದು ಮಂಪರು, ತೂರಾಟ. ವರ್ಷಗಳು ಕಳೆದಂತೆ ಒಂದು ಮಾತ್ರೆ ಸಾಲದೆ ಎರಡು, ಎರಡು ಸಾಲದೆ ನಾಲ್ಕು. ನುಂಗಿದರೆ ನಿದ್ದೆ, ನುಂಗದಿದ್ದರೆ ನೋವು ಎಂಬ ಹಂತಕ್ಕೆ ಬಂದವರಿಗೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಅಲ್ಲಿಂದ ಮುಂದೆ ರಕ್ತನಾಳ ಮತ್ತೆ ಎದುರಾಗುತ್ತದೆ, ಈ ಸಲ ಅಪಾಯವಾಗಿ.

ದಾರಿಗಳು ಮುಖ್ಯವಾಗಿ ಎರಡು. ಮೊದಲನೆಯದು ಜ್ಯಾನೆಟ್ಟಾ ರೂಢಿಗೆ ತಂದದ್ದು, ನರದ ಮೇಲಿನ ಒತ್ತಡ ಬಿಡಿಸುವುದು. ರೋಗಿಯನ್ನು ಪೂರ್ತಿ ಅರಿವಳಿಕೆಯಲ್ಲಿ ಮಗ್ಗುಲಾಗಿ ಮಲಗಿಸಿ ಕಿವಿಯ ಹಿಂದೆ ನಾಣ್ಯದಗಲ ಬುರುಡೆ ತೆರೆಯುತ್ತಾರೆ. ತೆರೆಯುವ ಜಾಗವೇ ಸೂಕ್ಷ್ಮ. ಮಿದುಳಿನಿಂದ ಅಶುದ್ಧ ರಕ್ತ ಹೊರಗೆ ಸಾಗುವ ಎರಡು ದೊಡ್ಡ ಕಾಲುವೆಗಳು, ಅಡ್ಡದ್ದೊಂದು, ಕೆಳಗಿಳಿಯುವುದೊಂದು, ಸರಿಯಾಗಿ ಅಲ್ಲೇ ಕೂಡುತ್ತವೆ. ಮೂಳೆ ಕೊರೆಯುವಾಗ ಅವುಗಳ ಗೋಡೆ ಹರಿದರೆ ರಕ್ತಸ್ರಾವ. ಹರಿಯದೆ ಬರೀ ಒತ್ತಿದರೂ ಒಳಗೆ ರಕ್ತ ಹೆಪ್ಪುಗಟ್ಟಬಹುದು. ಹೊದಿಕೆ ತೆರೆದು ಮಿದುಳುದ್ರವವನ್ನು ನಿಧಾನವಾಗಿ ಹೊರಬಿಟ್ಟರೆ ಕಿರುಮಿದುಳು ತಾನಾಗಿ ಕೆಳಗೆ ಸರಿದು ದಾರಿ ಕೊಡುತ್ತದೆ. ಅವಸರ ಮಾಡಿ ಸಲಾಕೆಯಿಂದ ಎಳೆದರೆ ಅದೇ ಜಜ್ಜಿಹೋಗುತ್ತದೆ, ಕಿವಿಯ ನರಕ್ಕೂ ಅದನ್ನು ಪೋಷಿಸುವ ಕೂದಲೆಳೆಯ ಅಪಧಮನಿಗೂ ಪೆಟ್ಟಾಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಆ ಪಕ್ಕದ ಕಿವಿ ಮಂದವಾಗುವುದರ ಹಿಂದೆ ಕೆಲವೊಮ್ಮೆ ಇರುವುದು ಈ ಪುಟ್ಟ ನಾಳವೇ.

ಇನ್ನಷ್ಟು ಒಳಗೆ ಹೋದಾಗ ಎದುರಾಗುವುದು ಒಂದು ಅಭಿಧಮನಿ, ಕಿರುಮಿದುಳಿನಿಂದ ಮೇಲಕ್ಕೆ ಸೇರುವ ಪೆಟ್ರೋಸಲ್ ರಕ್ತನಾಳ. ಡ್ಯಾಂಡಿಯ ಹೆಸರಿನಿಂದಲೂ ಅದನ್ನು ಕರೆಯುತ್ತಾರೆ. ಶಸ್ತ್ರವೈದ್ಯನಿಗೂ ನರಕ್ಕೂ ನಡುವೆ ಅದು ಅಡ್ಡ ನಿಂತಿರುತ್ತದೆ. ಹಿಂದಿನ ತಲೆಮಾರಿನವರಲ್ಲಿ ಬಹಳ ಮಂದಿ ಅದನ್ನು ಸುಟ್ಟು ಕತ್ತರಿಸಿಯೇ ಮುಂದೆ ಹೋಗುತ್ತಿದ್ದರು. ಹೆಚ್ಚಿನವರಿಗೆ ಏನೂ ಆಗುತ್ತಿರಲಿಲ್ಲ, ಅಕ್ಕಪಕ್ಕದ ನಾಳಗಳು ಅದರ ಕೆಲಸ ವಹಿಸಿಕೊಳ್ಳುತ್ತಿದ್ದವು. ಕೆಲವರಿಗೆ ಮಾತ್ರ ರಕ್ತ ಹೊರಹೋಗಲು ದಾರಿಯಿಲ್ಲದೆ ಕಿರುಮಿದುಳು ಬಾತುಕೊಳ್ಳುತ್ತಿತ್ತು, ಒಳಗೇ ರಕ್ತ ಒಸರುತ್ತಿತ್ತು. ಯಾರಿಗೆ ಹಾಗಾಗುತ್ತದೆಂದು ಮೊದಲೇ ಹೇಳುವುದು ಕಷ್ಟ. ಕತ್ತರಿಸಿದರೂ ತೊಂದರೆ ತೀರಾ ವಿರಳ ಎನ್ನುವವರು ಒಂದು ಕಡೆ, ಸಾಧ್ಯವಾದಷ್ಟೂ ಉಳಿಸಲೇಬೇಕು ಎನ್ನುವವರು ಇನ್ನೊಂದು ಕಡೆ. ವಾದ ಇನ್ನೂ ಮುಗಿದಿಲ್ಲ. ವಿರಳ ಎಂಬ ಮಾತು ಶಸ್ತ್ರವೈದ್ಯನ ಲೆಕ್ಕಪುಸ್ತಕಕ್ಕೆ ಸರಿ. ಆ ವಿರಳದಲ್ಲಿ ಸಿಕ್ಕಿಬಿದ್ದ ಮನೆಯವರಿಗೆ ಅದು ನೂರಕ್ಕೆ ನೂರು. ಹಾಗಾಗಿ ನನ್ನ ಒಲವು ಉಳಿಸುವವರ ಕಡೆಗೆ.

ಕೊನೆಗೆ ಸಿಗುತ್ತದೆ ಅಪರಾಧಿ. ಹೆಚ್ಚಿನ ಸಲ ಅದು ಕಿರುಮಿದುಳಿನ ಮೇಲ್ಭಾಗಕ್ಕೆ ಶುದ್ಧ ರಕ್ತ ಒಯ್ಯುವ ಅಪಧಮನಿ. ವಯಸ್ಸಾದಂತೆ ಉದ್ದವಾಗಿ, ಕುಣಿಕೆಯಾಗಿ ಇಳಿಬಿದ್ದು ನರದ ಕಂಕುಳಲ್ಲಿ ಸಿಕ್ಕಿಕೊಂಡಿರುತ್ತದೆ. ಸೂಕ್ಷ್ಮದರ್ಶಕದಡಿ ಅದು ಮಿಡಿಯುವುದೂ, ಮಿಡಿದಾಗಲೆಲ್ಲ ನರ ಅಲುಗುವುದೂ ಕಾಣುತ್ತದೆ. ಅದನ್ನು ಮೆಲ್ಲಗೆ ಎತ್ತಿ ನಡುವೆ ಟೆಫ್ಲಾನ್ ನಾರಿನ ಚೂರುಗಳನ್ನು ಇಡುತ್ತಾರೆ. ಕತ್ತರಿಸುವಂತಿಲ್ಲ, ಏಕೆಂದರೆ ಅದರಿಂದ ಕವಲೊಡೆದ ಎಳೆಗಳು ಮಿದುಳುಕಾಂಡವನ್ನು ಸಾಕುತ್ತಿರುತ್ತವೆ. ಎತ್ತುವಾಗ ಆ ಎಳೆ ಹರಿದರೆ, ಅಪಧಮನಿ ಮುದುಡಿಕೊಂಡರೆ, ಟೆಫ್ಲಾನ್ ಇಟ್ಟ ಕೋನದಲ್ಲಿ ಅದು ಮಡಚಿಕೊಂಡರೆ ಫಲಿತಾಂಶ ಪಾರ್ಶ್ವವಾಯು. ಇನ್ನೊಂದು ವಿಚಿತ್ರವೂ ಇದೆ. ದ್ರವ ಹೆಚ್ಚು ಹೊರಹೋಗಿ ಮಿದುಳು ಕುಗ್ಗಿದಾಗ ಶಸ್ತ್ರಚಿಕಿತ್ಸೆ ನಡೆದ ಜಾಗದಿಂದ ದೂರದಲ್ಲಿ, ತಲೆಯ ಮೇಲ್ಭಾಗದಲ್ಲಿ, ಎಳೆಯಲ್ಪಟ್ಟ ಅಭಿಧಮನಿ ಹರಿದು ರಕ್ತ ತುಂಬಿಕೊಳ್ಳಬಹುದು.

ಇಷ್ಟು ಓದಿ ಹೆದರಬೇಡಿ, ಲೆಕ್ಕವನ್ನೂ ನೋಡಿ. ಜ್ಯಾನೆಟ್ಟಾ ತಂಡ 1996ರಲ್ಲಿ ಪ್ರಕಟಿಸಿದ ವರದಿಯಲ್ಲಿ 20 ವರ್ಷಗಳಲ್ಲಿ ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಲಾದ 1,185 ರೋಗಿಗಳಿದ್ದಾರೆ. ಹತ್ತು ವರ್ಷದ ನಂತರವೂ ನೂರಕ್ಕೆ 70 ಮಂದಿಗೆ ಮಾತ್ರೆಯಿಲ್ಲದೆ ನೋವಿಲ್ಲ. ಸಾವು ಎರಡು, ಮಿದುಳುಕಾಂಡದ ಪಾರ್ಶ್ವವಾಯು ಒಂದು, ಕಿವಿ ಮಂದವಾದದ್ದು 16 ಮಂದಿಗೆ. ಇದು ಈ ಕೆಲಸವನ್ನೇ ಬದುಕಾಗಿಸಿಕೊಂಡವರ ಲೆಕ್ಕ ಎಂಬುದನ್ನು ಮರೆಯುವಂತಿಲ್ಲ. ಅಮೆರಿಕದ ನೂರಾರು ಆಸ್ಪತ್ರೆಗಳ 1996ರಿಂದ 2000ದವರೆಗಿನ ದಾಖಲೆ ಜಾಲಾಡಿದ ಇನ್ನೊಂದು ಅಧ್ಯಯನದಲ್ಲಿ ಆಸ್ಪತ್ರೆಯಲ್ಲೇ ಸಾವು ಶೇ 0.3ರಷ್ಟು. ಹೆಚ್ಚು ಮಾಡುವ ಆಸ್ಪತ್ರೆ, ಹೆಚ್ಚು ಮಾಡುವ ಕೈ ಇದ್ದಲ್ಲಿ ತೊಡಕು ಕಡಿಮೆ ಎಂಬುದೂ ಅದರಲ್ಲೇ ಕಂಡುಬಂತು. ಹತ್ತಿರದ ಆಸ್ಪತ್ರೆಯೋ ಪಳಗಿದ ಕೈಯೋ ಎಂಬ ಪ್ರಶ್ನೆ ಬಂದರೆ ಈ ಶಸ್ತ್ರಚಿಕಿತ್ಸೆಯ ಮಟ್ಟಿಗೆ ಪಳಗಿದ ಕೈಗೇ ನನ್ನ ಮತ. ಇದು ತುರ್ತು ಶಸ್ತ್ರಚಿಕಿತ್ಸೆಯಲ್ಲ, ಪ್ರಯಾಣಕ್ಕೆ ಸಮಯವಿರುತ್ತದೆ.

ಎರಡನೆಯ ದಾರಿ ಸೂಜಿಯದು. ತುಂಬಾ ವಯಸ್ಸಾದವರಿಗೆ, ಹೃದಯ, ಶ್ವಾಸಕೋಶ ದುರ್ಬಲವಾದವರಿಗೆ, ತಲೆ ತೆರೆಸಿಕೊಳ್ಳಲು ಒಪ್ಪದವರಿಗೆ ಇದು. ಬಾಯಿಯ ಮೂಲೆಯಿಂದ ಎರಡೂವರೆ–ಮೂರು ಸೆಂ.ಮೀ. ಹೊರಗೆ ಕೆನ್ನೆಗೆ ಸೂಜಿ ಚುಚ್ಚಿ, ಎಕ್ಸ್‌ರೇ ನೋಡುತ್ತಾ ಬುರುಡೆಯ ತಳದ ಒಂದು ಅಂಡಾಕಾರದ ರಂಧ್ರಕ್ಕೆ ಅದನ್ನು ಮುಟ್ಟಿಸುತ್ತಾರೆ. ಜರ್ಮನಿಯ ಹಾರ್ಟೆಲ್ ನೂರು ವರ್ಷಕ್ಕೂ ಹಿಂದೆ ಹಾಕಿಕೊಟ್ಟ ದಾರಿ ಇದು. ರಂಧ್ರದ ಉದ್ದ ಸುಮಾರು 7 ಮಿ.ಮೀ., ಅಗಲ ಅದರ ಅರ್ಧಕ್ಕಿಂತ ತುಸು ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ನ ಸ್ಥಾಪಕ ನಿರ್ದೇಶಕ ಡಾ. ಆರ್. ಎಂ. ವರ್ಮಾ ಪಾರ್ಕಿನ್ಸನ್ ರೋಗಿಗಳ ಮಿದುಳಿನ ಆಳ ಮುಟ್ಟಲು ಇದೇ ರಂಧ್ರವನ್ನು ಬಳಸಿದವರು. ಅದು ವರ್ಮಾ ವಿಧಾನವೆಂದೇ ಹೆಸರಾಯಿತು. ರಂಧ್ರದೊಳಗೆ ಹೋದ ಮೇಲೆ ನರಗಂಟನ್ನು ಬಿಸಿಯಿಂದ ಸುಡಬಹುದು, ಗ್ಲಿಸರಾಲ್ ಬಿಡಬಹುದು, ಪುಟ್ಟ ಬಲೂನು ಉಬ್ಬಿಸಿ ಒತ್ತಬಹುದು. ನೋವು ಬಹಳ ಸಲ ಆಗಲೇ ನಿಲ್ಲುತ್ತದೆ. ಬೆಲೆಯಾಗಿ ಕೆನ್ನೆ ಸ್ವಲ್ಪ ಮರಗಟ್ಟುತ್ತದೆ. ಕೆಲವು ವರ್ಷಗಳಲ್ಲಿ ನೋವು ಮರಳುವುದೂ ಇಲ್ಲಿ ಹೆಚ್ಚು.

ಸೂಜಿಯೆಂದರೆ ಇಂಜೆಕ್ಷನ್ ಅಷ್ಟೇ ಎಂದುಕೊಂಡವರು ಆ ರಂಧ್ರದ ನೆರೆಹೊರೆಯನ್ನು ತಿಳಿದಿರಬೇಕು. ತುಸು ಒಳಮಗ್ಗುಲಿಗೆ, ಹಿಂದಕ್ಕೆ, ಮಿದುಳಿಗೆ ರಕ್ತ ಒಯ್ಯುವ ದೊಡ್ಡ ಕೆರೋಟಿಡ್ ಅಪಧಮನಿ. ಪಕ್ಕದಲ್ಲಿ ಮಿದುಳುಹೊದಿಕೆಯ ಅಪಧಮನಿ ಒಳಹೋಗುವ ಇನ್ನೊಂದು ಚಿಕ್ಕ ತೂತು. ದಾರಿಯುದ್ದಕ್ಕೂ ದವಡೆಯ ಅಪಧಮನಿ, ಅದರ ಸುತ್ತ ಅಭಿಧಮನಿಗಳ ಬಲೆ. ಕೆನ್ನೆ ಊದಿ ನೀಲಿಗಟ್ಟುವುದು ಸಾಮಾನ್ಯ, ವಾರದಲ್ಲಿ ಇಳಿಯುತ್ತದೆ. ಸೂಜಿಯ ತುದಿಯಿಂದ ಕೆಂಪು ರಕ್ತ ಮಿಡಿಯುತ್ತಾ ಚಿಮ್ಮಿದರೆ ಕೆರೋಟಿಡ್‌ಗೆ ತಾಗಿತೆಂದು ಅರ್ಥ. ಪಳಗಿದವರು ಅಲ್ಲಿಗೇ ನಿಲ್ಲಿಸುತ್ತಾರೆ, ಒತ್ತಿ ಹಿಡಿಯುತ್ತಾರೆ, ರೋಗಿಯ ಮೇಲೆ ಕಣ್ಣಿಟ್ಟು ಚಿಕಿತ್ಸೆಯನ್ನು ಇನ್ನೊಂದು ದಿನಕ್ಕೆ ಮುಂದೂಡುತ್ತಾರೆ. ತೀರಾ ಅಪರೂಪಕ್ಕೆ ಕೆರೋಟಿಡ್‌ಗೆ ಬಿದ್ದ ತೂತಿನ ಮೂಲಕ ಅಪಧಮನಿಯ ರಕ್ತ ನೇರ ಕಣ್ಣಿನ ಹಿಂದಿನ ಅಭಿಧಮನಿಗಳಿಗೆ ನುಗ್ಗುವ ಅಡ್ಡದಾರಿಯಾಗುತ್ತದೆ. ಕಣ್ಣು ಕೆಂಪಾಗಿ ಮುಂದೆ ಬರುತ್ತದೆ, ಒಂದು ಎರಡಾಗಿ ಕಾಣುತ್ತದೆ, ತಲೆಯೊಳಗೆ ನಾಡಿಯ ಜೊತೆ ಸುಯ್ ಎಂಬ ಸದ್ದು ಕೇಳಿಸುತ್ತದೆ. ಇದು ದಿನಗಳ ನಂತರವೂ ತಲೆದೋರಬಹುದು. ಕಣ್ಣು ಬಂದಿದೆ ಎಂದು ಹನಿ ಹಾಕಿಕೊಂಡು ಕೂತರೆ ದೃಷ್ಟಿಯೇ ಹೋದೀತು. ಸರಿಯಾದ ಜಾಗಕ್ಕೆ ತಲುಪಿದರೆ ತೊಡೆಯ ರಕ್ತನಾಳದ ಮೂಲಕ ತಂತಿ ಕಳಿಸಿ ಆ ಅಡ್ಡದಾರಿಯನ್ನು ಮುಚ್ಚಬಹುದು.

ಸೂಜಿಯ ದಾರಿಯ ಇನ್ನೊಂದು ಅಪಾಯ ರಕ್ತನಾಳಕ್ಕೆ ಸೂಜಿ ತಾಗದೆಯೂ ಬರುತ್ತದೆ. ನರವನ್ನು ಕೆಣಕಿದ ಕ್ಷಣದಲ್ಲಿ ರಕ್ತದೊತ್ತಡ ಒಮ್ಮೆಲೇ ಏರಬಹುದು, ಬಲೂನು ಉಬ್ಬಿದಾಗ ನಾಡಿ ಥಟ್ಟನೆ ಇಳಿಯಬಹುದು. ಬಿಪಿ ಮಾತ್ರೆಯನ್ನು ನೆನಪಾದಾಗ ನುಂಗುವ, ಮರೆತಾಗ ಬಿಡುವ ರೋಗಿಯ ಮಿದುಳಿನಲ್ಲಿ ಆ ಏರಿಕೆಗೆ ಹಳೆಯ ನಾಳವೊಂದು ಒಡೆದರೆ ಸೂಜಿಯನ್ನು ದೂರಿ ಫಲವಿಲ್ಲ. ವಿಕಿರಣದಿಂದ ಮಾಡುವ ಗಾಮಾ ನೈಫ್‌ನಲ್ಲಿ ಈ ರಕ್ತಸ್ರಾವದ ಭಯವಿಲ್ಲ, ನಿಮ್ಹಾನ್ಸ್‌ನಲ್ಲಿ ಆ ಸೌಲಭ್ಯವಿದೆ. ಆದರೆ ನೋವು ಇಳಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು.

ರಕ್ತ ತೆಳುವಾಗಿಸುವ ಮಾತ್ರೆಗಳ ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ಎಡವುವುದು ಇಲ್ಲೇ ಹೆಚ್ಚು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಲ್ಲಿ ಹಲವರಿಗೆ ಅದು ರಕ್ತ ತೆಳುವಾಗಿಸುವ ಮಾತ್ರೆ ಎಂಬುದೇ ಗೊತ್ತಿರುವುದಿಲ್ಲ, 'ಹಾರ್ಟಿನ ಗುಳಿಗಿ' ಅಷ್ಟೇ. ಕೇಳಿದರೆ ಇಲ್ಲ ಎನ್ನುತ್ತಾರೆ. ಗೊತ್ತಿದ್ದವರು ತಾವಾಗಿ ನಿಲ್ಲಿಸಿ ಬರುವುದೂ ಉಂಟು. ಎರಡೂ ಅಪಾಯ. ಯಾವುದನ್ನು, ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಹೃದಯದ ವೈದ್ಯರೂ ನರಶಸ್ತ್ರವೈದ್ಯರೂ ಸೇರಿ ಹೇಳಬೇಕು. ಇನ್ನೊಂದು ವಿಷಯ ವೈದ್ಯರ ಕಣ್ಣನ್ನೂ ತಪ್ಪಿಸಿಕೊಳ್ಳುತ್ತದೆ. ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ನುಂಗುವವರ ದೇಹದಲ್ಲಿ ಕಾರ್ಬಮಾಜೆಪಿನ್ ಆ ಮಾತ್ರೆಯನ್ನು ಬೇಗ ಕರಗಿಸಿಬಿಡುತ್ತದೆ, ಹಾಗಾಗಿ ವಾರ್ಫರಿನ್ ಪ್ರಮಾಣ ಹೆಚ್ಚಿಸಿರುತ್ತಾರೆ. ಶಸ್ತ್ರಚಿಕಿತ್ಸೆ ಫಲಿಸಿ ನೋವು ಹೋಯಿತೆಂದು ಕಾರ್ಬಮಾಜೆಪಿನ್ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಅದೇ ವಾರ್ಫರಿನ್ ಅತಿಯಾಗಿ ರಕ್ತ ಒಸರುವಂತೆ ಮಾಡಬಹುದು. ಅಂಥವರು ಆ ಅವಧಿಯಲ್ಲಿ ಐಎನ್‌ಆರ್ ರಕ್ತಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಲೇಬೇಕು.

ಚಿಕಿತ್ಸೆಗೆಂದು ಹೊರಡುವ ಹಾವೇರಿ ಜಿಲ್ಲೆಯ ತಾಲ್ಲೂಕುಗಳವರ ದಾರಿ ಬಹುಮಟ್ಟಿಗೆ ಒಂದೇ. ತಾಲ್ಲೂಕು ಆಸ್ಪತ್ರೆ, ಹಾವೇರಿಯ ಜಿಲ್ಲಾ ಆಸ್ಪತ್ರೆ, ಮುಂದೆ ಹೆದ್ದಾರಿ ಹಿಡಿದು ಹುಬ್ಬಳ್ಳಿ. ಶಿಗ್ಗಾವಿಯವರಿಗೆ ಅದು ಹತ್ತಿರ, ಹಿರೇಕೆರೂರಿನವರಿಗೆ ದಾವಣಗೆರೆ, ಶಿವಮೊಗ್ಗವೂ ಕೈಗೆಟಕುವ ದೂರ. ಜನ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು 1957ರದ್ದು. ನಿಮ್ಹಾನ್ಸ್ ಇರುವ ಬೆಂಗಳೂರು ಮುನ್ನೂರು ಕಿ.ಮೀ. ಆಚೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಉಳಿದವರಿಗೆ ವೆಚ್ಚದ ಶೇ 30ರಂತೆ ಒಂದೂವರೆ ಲಕ್ಷದವರೆಗೆ ನೆರವುಂಟು. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯನ್ನು ಊರಿನಲ್ಲೇ ಮಾಡಿಸಿಕೊಳ್ಳದೆ ಹೊರಟವರು ಕೌಂಟರಿನ ಮುಂದೆ ನಿಂತು ಪರದಾಡುತ್ತಾರೆ.

ಶಸ್ತ್ರವೈದ್ಯರ ಮುಂದೆ ಕೂತಾಗ ಖರ್ಚೆಷ್ಟು, ಎಷ್ಟು ದಿನ ಎಂದಷ್ಟೇ ಕೇಳಿ ಎದ್ದು ಬರಬೇಡಿ. ಎಂಆರ್‌ಐನಲ್ಲಿ ನರಕ್ಕೆ ಒತ್ತಿದ ರಕ್ತನಾಳ ಕಂಡಿದೆಯೇ, ಅದು ಅಪಧಮನಿಯೋ ಅಭಿಧಮನಿಯೋ, ನೀವು ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ, ರಾತ್ರಿ ರಕ್ತಸ್ರಾವವಾದರೆ ಇಲ್ಲೇ ಸಿಟಿ ಸ್ಕ್ಯಾನ್, ಐಸಿಯು ಇದೆಯೇ ಎಂದು ಕೇಳಿ. ಕೇಳಿದ್ದಕ್ಕೆ ಸಿಡುಕುವ ವೈದ್ಯರಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಲು ಅದೂ ಒಂದು ಕಾರಣವೇ.

ಶಸ್ತ್ರಚಿಕಿತ್ಸೆ ಮುಗಿಸಿ ಊರಿಗೆ ಬಂದ ಮೇಲಿನ ಎರಡು ವಾರ ಮನೆಯವರ ಪಾಲಿನವು. ದಿನದಿನಕ್ಕೆ ಏರುವ ತಲೆನೋವು, ನಿಲ್ಲದ ವಾಂತಿ, ಹೊತ್ತಲ್ಲದ ಹೊತ್ತಿನಲ್ಲಿ ಮಂಪರು, ನಡೆಯುವಾಗ ಒಂದೇ ಕಡೆ ತೂರಾಟ, ತೊದಲು ಮಾತು, ಕೆಂಪಾಗಿ ಉಬ್ಬಿದ ಕಣ್ಣು. ಇವುಗಳಲ್ಲಿ ಒಂದು ಕಂಡರೂ ಪಿತ್ತ, ಗ್ಯಾಸ್, ಕಾರಿನ ಪ್ರಯಾಣದ ಆಯಾಸ ಎಂದು ಬೆಳಗಿನವರೆಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ, ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಅದೇ ಹೊತ್ತಿನಲ್ಲಿ ಫೋನ್ ಮಾಡಿ. ಬಿಡುಗಡೆ ಚೀಟಿ, ಎಂಆರ್‌ಐ ಸಿಡಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು ಒಂದೇ ಚೀಲದಲ್ಲಿರಲಿ. ಹಲ್ಲುನೋವೆಂದು ಈಗಷ್ಟೇ ಶುರುವಾಗಿದ್ದರೆ, ಎರಡನೆಯ ಹಲ್ಲು ಕೀಳಿಸುವ ಮೊದಲು ಒಮ್ಮೆ ನರರೋಗ ತಜ್ಞರಿಗೆ ತೋರಿಸಿ.